ರಾಜೀನಾಮೆಯಲ್ಲಿ ಯಾವ ತಾರೀಖು ಬರೆಯಬೇಕು?

ನಿಮ್ಮ ಪ್ರಶ್ನೆ ಓದಿದೆ. ಡಲ್ಲಾಸ್‌ನಲ್ಲಿದ್ದೀರಿ, ಎಚ್-1ಬಿ ವೀಸಾ, ಅಂದರೆ ಕಂಪನಿ ಅರ್ಜಿ ಹಾಕಿ ಕೊಡಿಸುವ ಅಮೆರಿಕದ ಕೆಲಸದ ವೀಸಾ. ಈಗಿನ ಕಂಪನಿಯನ್ನು ಜೂನ್ 30ಕ್ಕೆ ಬಿಟ್ಟು ಜುಲೈ 20ಕ್ಕೆ ಹೊಸ ಕಡೆ ಸೇರುವ ಲೆಕ್ಕ. ಹೆಂಡತಿ ಎಚ್-4ರಲ್ಲಿ, ಅಂದರೆ ನಿಮ್ಮ ವೀಸಾದ ಮೇಲೆ ಅವಲಂಬಿತರಾಗಿ ಇದ್ದಾರೆ, ಎರಡು ವರ್ಷದ ಮಗು. ನಡುವಿನ ಮೂರು ವಾರ ಆರೋಗ್ಯ ಇನ್ಶೂರೆನ್ಸ್ ಗತಿ ಏನು, ಆ ಹೊತ್ತಿಗೆ ಮೈಸೂರಿಗೆ ಹೋಗಿ ಬರಬಹುದಾ ಎಂದು ಕೇಳಿದ್ದೀರಿ.

ರಾಜೀನಾಮೆ ಇನ್ನೂ ಕೊಟ್ಟಿಲ್ಲ ತಾನೇ? ಹಾಗಾದರೆ ಮೊದಲು ಕಂಪನಿಯ ಬೆನಿಫಿಟ್ಸ್ ಪುಸ್ತಕ ತೆಗೆದು ಒಂದೇ ಒಂದು ವಾಕ್ಯ ಹುಡುಕಿ: ಕೆಲಸ ಬಿಟ್ಟವರ ಇನ್ಶೂರೆನ್ಸ್ ಯಾವತ್ತು ಮುಗಿಯುತ್ತದೆ? ಕೆಲವು ಕಂಪನಿಗಳಲ್ಲಿ ಕೊನೆಯ ದಿನದ ನಡುರಾತ್ರಿಗೇ ಮುಗಿಯುತ್ತದೆ. ಬಹಳಷ್ಟು ಕಡೆ ಆ ತಿಂಗಳ ಕೊನೆಯವರೆಗೂ ಇರುತ್ತದೆ. ನಿಮ್ಮದು ಎರಡನೆಯ ಥರದ್ದಾದರೆ ಜೂನ್ 30 ಎಂದು ಬರೆಯಬೇಡಿ, ಜುಲೈ 1 ಎಂದು ಬರೆಯಿರಿ. ಒಂದು ದಿನ ಜಾಸ್ತಿ ಕೆಲಸ ಮಾಡಿದರೆ ಜುಲೈ 31ರವರೆಗೆ ಮನೆಮಂದಿಗೆಲ್ಲ ಹಳೆಯ ಇನ್ಶೂರೆನ್ಸೇ ನಡೆಯುತ್ತದೆ. ಹೊಸ ಕಂಪನಿಯವರು ಸೇರಿದ ಮುಂದಿನ ತಿಂಗಳ 1ರಿಂದ ಕೊಡುವವರಾದರೆ ಆಗಸ್ಟ್ 1ಕ್ಕೆ ಅದು ಶುರು. ನಡುವೆ ಒಂದು ದಿನವೂ ಖಾಲಿ ಇಲ್ಲ. ಆದರೆ ಇದನ್ನೂ ಅವರ ಹತ್ತಿರ ಇಮೇಲ್‌ನಲ್ಲೇ ಕೇಳಿಕೊಳ್ಳಿ. ಕಾನೂನು ಅವರಿಗೆ 90 ದಿನದವರೆಗೆ ಕಾಯಿಸಲು ಅವಕಾಶ ಕೊಟ್ಟಿದೆ. ಸಂಬಳದ ಬಗ್ಗೆ ಮೂರು ಸಲ ಚೌಕಾಸಿ ಮಾಡುವ ನಮ್ಮ ಜನ ಇದನ್ನು ಮಾತ್ರ ಕೇಳುವುದೇ ಇಲ್ಲ.

ತಾರೀಖು ಹೊಂದಿಸಲು ಆಗದೇ ಇದ್ದರೆ ಕೋಬ್ರಾ ಎಂಬ ಕಾನೂನು ಇದೆ. ಹೆಸರು ಕೇಳಿ ಹೆದರಬೇಡಿ, ಬೆಲೆ ಕೇಳಿ ಹೆದರಬಹುದು. 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿ ಬಿಟ್ಟವರು ಅದೇ ಇನ್ಶೂರೆನ್ಸನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಆದರೆ ಇಷ್ಟು ದಿನ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನೀವೇ ಕಟ್ಟಬೇಕು, ಮೇಲೆ ಶೇಕಡ 2 ನಿರ್ವಹಣಾ ಖರ್ಚು. ಈಗ ಕಂಪನಿಗಳಲ್ಲಿ ಒಂದು ಕುಟುಂಬದ ಪ್ರೀಮಿಯಂ ಸರಾಸರಿ ವರ್ಷಕ್ಕೆ 25 ಸಾವಿರ ಡಾಲರ್ ದಾಟಿದೆ. ತಿಂಗಳಿಗೆ ಎರಡು ಸಾವಿರಕ್ಕೂ ಮೇಲೆ ಎಂದಾಯಿತು. ನಿಮಗೆ ಎಷ್ಟು ಬೀಳುತ್ತದೆಂದು ಅಂದಾಜು ಬೇಕಿದ್ದರೆ ಹೋದ ವರ್ಷದ ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ) ನೋಡಿ. 12ನೇ ಬಾಕ್ಸ್‌ನಲ್ಲಿ ಡಿಡಿ ಎಂಬ ಕೋಡ್ ಪಕ್ಕ ಇರುವುದು ನೀವು ಮತ್ತು ಕಂಪನಿ ಸೇರಿ ಇನ್ಶೂರೆನ್ಸಿಗೆ ಕಟ್ಟಿದ ಒಟ್ಟು ಹಣ. ವರ್ಷಪೂರ್ತಿ ಇದ್ದಿದ್ದರೆ ಅದನ್ನು 12ರಿಂದ ಭಾಗಿಸಿ.

ಇದರಲ್ಲಿ ಒಂದು ಅನುಕೂಲ ಇದೆ. ಕೋಬ್ರಾ ಬೇಕೋ ಬೇಡವೋ ಎಂದು ಹೇಳಲು ಕನಿಷ್ಠ 60 ದಿನ ಸಿಗುತ್ತದೆ, ಹೇಳಿದ ಮೇಲೆ ಮೊದಲ ಹಣ ಕಟ್ಟಲು ಇನ್ನೂ 45 ದಿನ. ಬೇಕು ಎಂದರೆ ಹಳೆಯ ಇನ್ಶೂರೆನ್ಸ್ ಮುಗಿದ ದಿನದಿಂದಲೇ ಲೆಕ್ಕ. ಹಾಗಾಗಿ ಮೂರ್ನಾಲ್ಕು ವಾರದ ಅಂತರ ಇರುವವರು ಸುಮ್ನೆ ಕಾಯುತ್ತಾರೆ. ಏನೂ ಆಗದಿದ್ದರೆ ಒಂದು ಡಾಲರೂ ಖರ್ಚಿಲ್ಲ. ಮಗು ಜಾರುಬಂಡೆಯಿಂದ ಬಿದ್ದು ಕೈ ಮುರಿದುಕೊಂಡರೆ ಆಗ ಅರ್ಜಿ ಹಾಕಿ, ಹಳೆಯ ಇನ್ಶೂರೆನ್ಸ್ ಮುಗಿದ ದಿನದಿಂದ ಪ್ರೀಮಿಯಂ ಕಟ್ಟುತ್ತಾರೆ. ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿ ಆ ಹೊತ್ತಿಗೆ ನಿಮ್ಮ ಇನ್ಶೂರೆನ್ಸ್ ಇಲ್ಲ ಎಂದೇ ತೋರಿಸಬಹುದು. ಬಿಲ್ ಇಟ್ಟುಕೊಂಡು ಆಮೇಲೆ ಕ್ಲೇಮ್ ಮಾಡುವ ರಗಳೆಗೆ ತಯಾರಿರಬೇಕು. ಕೋಬ್ರಾ ಕಾಗದ ಅಂಚೆಯಲ್ಲಿ ಬರುವುದು ಜಾಸ್ತಿ, ನೋಡಲು ಥೇಟ್ ಜಾಹೀರಾತಿನ ಲಕೋಟೆ. ಬಿಸಾಡಬೇಡಿ ಎಂದು ಮನೆಯಲ್ಲೂ ಹೇಳಿಡಿ.

ಮಾರ್ಕೆಟ್‌ಪ್ಲೇಸ್ ಪ್ಲಾನ್, ಅಂದರೆ ಸರ್ಕಾರದ ವಿಮಾ ಮಾರುಕಟ್ಟೆಯಲ್ಲಿ ನೀವೇ ಕೊಳ್ಳುವ ಇನ್ಶೂರೆನ್ಸ್ ಬಗ್ಗೆ ಯಾರೋ ಹೇಳಿದ್ದಾರಂತಲ್ಲ. ಎಚ್-1ಬಿಯವರೂ ಕೊಳ್ಳಬಹುದು, ಇನ್ಶೂರೆನ್ಸ್ ಹೋದ 60 ದಿನದೊಳಗೆ. ಆದರೆ ಅದು ಕೊಳ್ಳುವ ಮುಂಚಿನ ದಿನಗಳಿಗೆ ಅನ್ವಯಿಸುವುದಿಲ್ಲ, ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ) ಮತ್ತೆ ಸೊನ್ನೆಯಿಂದ ಶುರು. 2027ರಿಂದ ಎಚ್-1ಬಿಯವರಿಗೆ ಅದರಲ್ಲಿ ಸಬ್ಸಿಡಿಯೂ ಇಲ್ಲ. ಮೂರು ವಾರಕ್ಕೆ ಅದರ ಉಸಾಬರಿ ಬೇಡ.

ನಿಮ್ಮ ಖಾತೆಯಲ್ಲಿ ಎಫ್‌ಎಸ್‌ಎ (ವೈದ್ಯಕೀಯ ಖರ್ಚಿಗೆಂದು ಸಂಬಳದಿಂದ ತೆಗೆದಿಡುವ ಹಣ) ಇದ್ದರೆ ಖುಷಿಪಡಿ. ವರ್ಷಕ್ಕೆ 2,400 ಡಾಲರ್ ಬರೆಸಿದ್ದೀರಿ, ಜೂನ್‌ವರೆಗೆ ಸಂಬಳದಿಂದ 1,200 ಕಡಿತವಾಗಿದೆ ಎಂದುಕೊಳ್ಳಿ. ಕೊನೆಯ ದಿನದೊಳಗೆ ಪೂರ್ತಿ 2,400ನ್ನೂ ಕನ್ನಡಕ, ಹಲ್ಲಿನ ಕೆಲಸ ಎಂದು ಖರ್ಚು ಮಾಡಬಹುದು. ಉಳಿದ 1,200 ಕೊಡಿ ಎಂದು ಕಂಪನಿ ಕೇಳುವಂತಿಲ್ಲ. ಬಳಸದಿದ್ದರೆ ನಿಮ್ಮ ದುಡ್ಡೇ ಅವರಿಗೆ. ಎಚ್‌ಎಸ್‌ಎ ಎಂಬ ಆರೋಗ್ಯ ಉಳಿತಾಯ ಖಾತೆ ಬೇರೆ, ಅದು ಯಾವತ್ತಿದ್ದರೂ ನಿಮ್ಮದೇ. ಕೋಬ್ರಾ ಪ್ರೀಮಿಯಂ ಕೂಡ ಅದರಿಂದ ಕಟ್ಟಬಹುದು.

ಇನ್ನು ಮೈಸೂರು. ಇದಕ್ಕೆ ನನ್ನ ಉತ್ತರ ಅಷ್ಟು ಸಿಹಿಯಾಗಿಲ್ಲ. ಹೊಸ ಕಂಪನಿಯವರು ವೀಸಾವನ್ನು ತಮ್ಮ ಕಡೆಗೆ ಮಾಡಿಸಿಕೊಳ್ಳುವ ಎಚ್-1ಬಿ ಟ್ರಾನ್ಸ್‌ಫರ್ ಅರ್ಜಿ ಹಾಕಿದ್ದಾರೆ ಎಂಬುದು ಸಾಲದು, ಮಂಜೂರಾಯಿತು ಎಂಬ ಸರ್ಕಾರದ ಪತ್ರ, ಐ-797, ಕೈಯಲ್ಲಿರಬೇಕು. ಅದು ಬರುವ ಮುಂಚೆ ದೇಶ ಬಿಡಬೇಡಿ. 2025ರ ಸೆಪ್ಟೆಂಬರ್‌ನ ಆದೇಶ ಹೊರದೇಶದಲ್ಲಿರುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿತು. ಅರ್ಜಿ ಮಂಜೂರಾಗುವ ಮುಂಚೆ ಹೊರಗೆ ಹೋಗಿ ಆ ಗೋಜಲಿಗೆ ಯಾಕೆ ಸಿಕ್ಕಿಕೊಳ್ಳಬೇಕು? ಪ್ರೀಮಿಯಂ ಪ್ರೊಸೆಸಿಂಗ್ (ಹೆಚ್ಚು ಶುಲ್ಕ ಕಟ್ಟಿ ಬೇಗ ತೀರ್ಮಾನ ಪಡೆಯುವುದು) ಹಾಕಿಸಿದರೆ 15 ಕೆಲಸದ ದಿನದೊಳಗೆ ಏನಾದರೂ ಒಂದು ಉತ್ತರ ಬರುತ್ತದೆ. ಪಾಸ್‌ಪೋರ್ಟ್‌ನ ವೀಸಾ ಸ್ಟ್ಯಾಂಪ್‌ಗೆ ಅವಧಿ ಉಳಿದಿದ್ದರೆ, ಅದರಲ್ಲಿ ಹಳೆಯ ಕಂಪನಿ ಹೆಸರಿದ್ದರೂ ಹೊಸ ಐ-797 ತೋರಿಸಿ ವಾಪಸ್ ಬರಬಹುದು. ಅವಧಿ ಮುಗಿದಿದ್ದರೆ ಮೂರು ವಾರದಲ್ಲಿ ಸ್ಟ್ಯಾಂಪಿಂಗ್ ಮುಗಿಸಿ ಬರುತ್ತೇನೆ ಎಂಬ ಆಸೆ ಬಿಡಿ. ಟಿಕೆಟ್ ಕೊಳ್ಳುವ ಮೊದಲು ಹೊಸ ಕಂಪನಿಯ ವಕೀಲರಿಗೆ ಒಂದು ಇಮೇಲ್ ಹಾಕಿ. ಹೆಂಡತಿ, ಮಗುವಿನ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಎಂಬ ದಾಖಲೆ) ತಾರೀಖನ್ನೂ ನೋಡಿ. ನಿಮ್ಮ ಟ್ರಾನ್ಸ್‌ಫರ್ ಜೊತೆ ಅವರ ಎಚ್-4 ತಾನಾಗಿ ಮುಂದಕ್ಕೆ ಹೋಗುವುದಿಲ್ಲ.

ಬೆಂಗಳೂರಿನ ಮೂರು ತಿಂಗಳ ನೋಟಿಸ್ ಪೀರಿಯಡ್ ಇಲ್ಲಿಲ್ಲ, ಎರಡು ವಾರ ಎನ್ನುವುದು ಬರೀ ರೂಢಿ. ನೀವು ಹೇಳಿದ ಮಧ್ಯಾಹ್ನವೇ ಲ್ಯಾಪ್‌ಟಾಪ್ ಬಂದ್ ಮಾಡಿ ಕಳಿಸುವ ಕಂಪನಿಗಳೂ ಇವೆ. ಹಾಗೆ ಕಳಿಸಿದರೆ ಮೇಲೆ ಹೇಳಿದ ಜುಲೈ 1ರ ಲೆಕ್ಕವೂ ಕೆಡಬಹುದು. ನಿಮ್ಮ ಮ್ಯಾನೇಜರ್ ಎಂಥವರು ಎಂದು ನಿಮಗೇ ಗೊತ್ತು. ಅದಕ್ಕೇ ರಾಜೀನಾಮೆ ಕೊಡುವ ಮೊದಲೇ ಪೇ ಸ್ಟಬ್ (ಸಂಬಳದ ಚೀಟಿ), ಡಬ್ಲ್ಯು-2, ಐ-797 ಪ್ರತಿಗಳನ್ನು ಮನೆಯ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ನಿಮ್ಮ ಕಾಗದ ಮಾತ್ರ, ಕಂಪನಿಯದ್ದು ಏನೂ ಬೇಡ. ಮುಂದೆ ಗ್ರೀನ್ ಕಾರ್ಡ್‌ಗೆ ಬೇಕಾಗುವ ಅನುಭವ ಪತ್ರವನ್ನು, ಏನೇನು ಕೆಲಸ ಮಾಡಿದಿರಿ ಎಂಬ ವಿವರದ ಸಮೇತ, ಈಗಲೇ ಬರೆಸಿಕೊಳ್ಳಿ. ಐದು ವರ್ಷದ ಮೇಲೆ ಆ ಮ್ಯಾನೇಜರ್ ಎಲ್ಲಿರುತ್ತಾರೋ ಯಾರಿಗೆ ಗೊತ್ತು.

ಹೊಸ ಕಂಪನಿ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ? ಕೆಲಸ ಬಿಟ್ಟ ಮಾರನೇ ದಿನದಿಂದ 60 ದಿನದವರೆಗೆ ಇಲ್ಲಿ ಇರಬಹುದು, ಐ-94 ಅದಕ್ಕಿಂತ ಮುಂಚೆ ಮುಗಿದರೆ ಅಲ್ಲಿವರೆಗೆ ಮಾತ್ರ. ನೀವೇ ಬಿಟ್ಟರೂ ಇದು ಅನ್ವಯಿಸುತ್ತದೆ.

401ಕೆ, ಅಂದರೆ ಕಂಪನಿಯ ಮೂಲಕ ಮಾಡುವ ನಿವೃತ್ತಿ ಉಳಿತಾಯದ ಬಗ್ಗೆ ಈಗ ಏನೂ ಮಾಡಬೇಡಿ. ದುಡ್ಡು ತೆಗೆಯಬೇಡಿ ಅಷ್ಟೇ, ತೆರಿಗೆಯ ಜೊತೆಗೆ ಶೇಕಡ 10 ದಂಡವೂ ಬೀಳುತ್ತದೆ. ಹೊಸ ಕಡೆ ಸೇರಿದ ಮೇಲೆ ನಿಧಾನಕ್ಕೆ ವರ್ಗಾಯಿಸಿದರಾಯಿತು. ಆ ಬೆನಿಫಿಟ್ಸ್ ಪುಸ್ತಕದಲ್ಲಿ ಏನು ಬರೆದಿದೆ ನೋಡಿ ತಿಳಿಸಿ, ಕೊನೆಯ ದಿನ ಯಾವುದು ಮಾಡಬೇಕೆಂದು ಅದರ ಮೇಲೆ ಹೇಳುತ್ತೇನೆ.