ಇಬ್ಬರು ಮಕ್ಕಳ ಆರೈಕೆ, ಒಬ್ಬರ ಸಂಬಳ: ಯಾವುದು ಮೊದಲು?

ಪ್ರಶ್ನೆ: ನಾವು ಹಾಸನದವರು. ಮಗನಿಗೆ 11 ವರ್ಷ, ಸೆರೆಬ್ರಲ್ ಪಾಲ್ಸಿ ಇದೆ. ಮಗಳಿಗೆ 7 ವರ್ಷ, ಆಟಿಸಂ. ಯಜಮಾನರಿಗೆ 40 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ. ಪಿಎಫ್ ಕಳೆದು ಕೈಗೆ 38 ಸಾವಿರ ಬರುತ್ತದೆ. ನಾನು ಟೀಚರ್ ಆಗಿದ್ದೆ, ಈಗ ಮನೆಯಲ್ಲೇ ಇದ್ದೇನೆ. ಥೆರಪಿಗೆ ತಿಂಗಳಿಗೆ 9 ಸಾವಿರ, ಡಯಾಪರ್‌ಗೆ 3 ಸಾವಿರ, ಎರಡು ವಿಮಾ ಪಾಲಿಸಿಗೆ 4 ಸಾವಿರ ಹೋಗುತ್ತದೆ. ಒಡವೆ ಮೇಲೆ 1.2 ಲಕ್ಷ ಸಾಲ ಇದೆ. ಮಗನ ಹೆಸರಲ್ಲಿ ಎಫ್‌ಡಿ ಇಡಿ ಅಂತ ಮೈದುನ ಹೇಳುತ್ತಾನೆ. ಒಂದು ಕಡೆ ಮಗಳಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿದರೆ ಮಾತು ಬರುತ್ತದೆ, ಹಲವು ಲಕ್ಷ ಆಗುತ್ತದೆ ಅಂದಿದ್ದಾರೆ. ಸೈಟ್ ಮಾರೋಣ ಅಂತ ಯಜಮಾನರು. ಏನು ಮಾಡಲಿ?

ಉತ್ತರ: ಸೈಟ್ ಮಾರಬೇಡಿ ಅಮ್ಮಾ. ಉಳಿದದ್ದೆಲ್ಲ ಆಮೇಲೆ ಮಾತಾಡೋಣ.

ಮಗಳ ಬಾಯಿಂದ ಒಂದು ಮಾತು ಕೇಳಬೇಕು ಅನ್ನೋ ಆಸೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಆ ಆಸೆಯನ್ನೇ ನಂಬಿ ದುಡ್ಡು ಕೇಳುವವರಿದ್ದಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ನಮ್ಮ ದೇಶದ 2017ರ ಮಾರ್ಗಸೂಚಿ ಕೂಡ ಸ್ಪಷ್ಟವಾಗಿದೆ: ಕೆಲವು ರಕ್ತದ ಕಾಯಿಲೆಯಂಥವನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗದ ಹಂತದಲ್ಲಿದೆ, ಪ್ರಯೋಗಕ್ಕೆ ಒಳಪಡುವವರಿಂದ ಹಣ ಪಡೆಯುವಂತಿಲ್ಲ. ಹಾಗಾಗಿ ಲಕ್ಷಗಟ್ಟಲೆ ಬಿಲ್ ಕೊಡುತ್ತಿದ್ದಾರೆ ಎಂದರೆ ಅಲ್ಲಿಗೇ ನಿಮಗೆ ಉತ್ತರ ಸಿಕ್ಕಿತು. ಇದನ್ನು ಯಜಮಾನರಿಗೆ ಓದಿ ಹೇಳಿ. ಅವರ ಮೇಲೆ ಸಿಟ್ಟು ಬೇಡ. ಅಪ್ಪನಾಗಿ ಅವರಿಗೂ ಏನಾದರೂ ಮಾಡಲೇಬೇಕು ಅನಿಸಿರುತ್ತದೆ.

ಈಗ ತಿಂಗಳ ಲೆಕ್ಕ. ಮಕ್ಕಳ ಆರೈಕೆಯ ಖರ್ಚನ್ನು ಮನೆ ಖರ್ಚಿನ ಜೊತೆ ಬೆರೆಸಬೇಡಿ. ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಸಂಬಳ ಬಂದ ದಿನವೇ ಥೆರಪಿ, ಡಯಾಪರ್‌ನ 12 ಸಾವಿರದ ಜೊತೆ ಔಷಧಿ, ಆಟೋಗೆ ಅಂದಾಜು ಬೇಕಾಗುವ ಹಣವೂ ಅಲ್ಲಿಗೆ ಹೋಗಲಿ. ಥೆರಪಿ, ಡಯಾಪರ್, ಔಷಧಿ, ಆಟೋ ಎಲ್ಲ ಅಲ್ಲಿಂದಲೇ. ಮೂರು ತಿಂಗಳಲ್ಲಿ ನಿಜವಾದ ಖರ್ಚು ಎಷ್ಟು ಅಂತ ಕಣ್ಣಿಗೆ ಕಾಣುತ್ತದೆ. ಹೆಚ್ಚಿನ ಮನೆಗಳಲ್ಲಿ ಓಡಾಟದ ಖರ್ಚು ಯಾರ ಲೆಕ್ಕಕ್ಕೂ ಸಿಗದೆ ಕರಗಿ ಹೋಗುತ್ತಿರುತ್ತದೆ.

ಥೆರಪಿಯನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಥೆರಪಿಸ್ಟ್ ಹತ್ತಿರ ಒಂದು ಮಾತು ಕೇಳಿ: ಮನೆಯಲ್ಲಿ ನಾನೇ ಮಾಡಿಸಬಹುದಾದದ್ದು ಯಾವುದು, ಹೇಗೆ? ಒಳ್ಳೆಯ ಥೆರಪಿಸ್ಟ್ ಸಂತೋಷದಿಂದ ಹೇಳಿಕೊಡುತ್ತಾರೆ. ಮಗಳ ಮಾತಿನ ವಿಷಯಕ್ಕೆ ಮೈಸೂರಿನ ಆಯಿಷ್‌ಗೆ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಒಮ್ಮೆ ಹೋಗಿ ಬನ್ನಿ. ಕೇಂದ್ರ ಸರ್ಕಾರದ ಸಂಸ್ಥೆ, ಖಾಸಗಿಗಿಂತ ಖರ್ಚು ತುಂಬಾ ಕಡಿಮೆ. ನೀವು ಟೀಚರ್ ಆಗಿದ್ದವರು, ಕಲಿಸುವುದು ಗೊತ್ತು. ಮನೆಯಲ್ಲಿ ಮಾಡಿಸುವ ಕ್ರಮ ಕಲಿತರೆ ಊರಿನ ಸೆಷನ್‌ಗಳನ್ನು ಸ್ವಲ್ಪ ಕಡಿಮೆ ಮಾಡಬಹುದೋ ಏನೋ, ಅದನ್ನು ಅಲ್ಲಿನವರನ್ನೇ ಕೇಳಿ.

ಸರ್ಕಾರದಿಂದ ಏನು ಸಿಗುತ್ತದೆ? ಮಾಸಾಶನಕ್ಕೆ ಆದಾಯದ ಮಿತಿ ಇದೆ, ನಿಮ್ಮ ಸಂಬಳಕ್ಕೆ ಸಿಗುವುದು ಕಷ್ಟ. ಅದಕ್ಕಾಗಿ ನಾಡಕಚೇರಿಗೆ ಅಲೆಯಬೇಡಿ. ಆದರೆ ಇಬ್ಬರಿಗೂ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರು ಸಹಾಯ ಮಾಡುತ್ತಾರೆ. ಕಾರ್ಡ್ ಬಂದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಮಾಡಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವಿಕಲತೆ ಇರುವವರಿಗಾಗಿ ಇರುವ ಯೋಜನೆ ಇದು. ಒಬ್ಬೊಬ್ಬರಿಗೆ ವರ್ಷಕ್ಕೆ 1 ಲಕ್ಷದವರೆಗೆ ರಕ್ಷಣೆ, ಕಟ್ಟುವುದು ಕೆಲವು ನೂರು ರೂಪಾಯಿ ಅಷ್ಟೇ. ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಇಲ್ಲ. ಥೆರಪಿ ಖರ್ಚಿಗೂ ಅದರಲ್ಲಿ ಒಂದು ಭಾಗ ಇದೆ. ಹಾಗಾಗಿ ಬಿಲ್‌ಗಳನ್ನು ಮಗುವಿನ ಹೆಸರಲ್ಲೇ ಬರೆಸಿ, ಫೈಲ್ ಮಾಡಿ ಇಡಿ. ಪ್ರತಿ ವರ್ಷ ನವೀಕರಣ ಮರೆಯಬೇಡಿ, ಎಷ್ಟೋ ಮನೆಯವರು ತಪ್ಪುವುದು ಅಲ್ಲೇ.

ನಿಮ್ಮ ಎರಡು ಪಾಲಿಸಿಗಳನ್ನು 'ಅಂಗವಿಕಲ ಮಕ್ಕಳಿದ್ದರೆ ಟ್ಯಾಕ್ಸ್ ಉಳಿಯುತ್ತೆ' ಅಂತ ಯಾರೋ ಮಾರಿರಬಹುದು ಅನ್ನುವ ಅನುಮಾನ ನನಗೆ. ಅಂಗವಿಕಲ ಮಕ್ಕಳನ್ನು ಸಾಕುವವರಿಗೆ 80ಡಿಡಿ ಅಂತ ಹೆಸರಾದ ಆದಾಯ ತೆರಿಗೆ ಕಡಿತ ಇರುವುದು ನಿಜ: 40% ಅಥವಾ ಹೆಚ್ಚು ಅಂಗವಿಕಲತೆ ಇದ್ದರೆ 75 ಸಾವಿರ, 80% ಅಥವಾ ಹೆಚ್ಚಿದ್ದರೆ 1.25 ಲಕ್ಷ. ಆದರೆ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಯಜಮಾನರ ಸಂಬಳಕ್ಕೆ ಎರಡರಲ್ಲಿ ಯಾವ ಪದ್ಧತಿಯಲ್ಲೂ ತೆರಿಗೆ ಬರುವಂತಿಲ್ಲ. ಇಲ್ಲದ ತೆರಿಗೆ ಉಳಿಸಲು ತಿಂಗಳಿಗೆ 4 ಸಾವಿರ ಯಾಕೆ?

ಆ 4 ಸಾವಿರದಿಂದಲೇ ದಾರಿ ತೆರೆಯುತ್ತದೆ. ನಿಮ್ಮ ಮನೆಯ ದೊಡ್ಡ ಅಪಾಯ ಯಜಮಾನರ ಸಂಬಳ ಒಂದು ದಿನ ನಿಂತು ಹೋಗುವುದು. ಅವರ ಹೆಸರಲ್ಲಿ 75 ಲಕ್ಷದ ಟರ್ಮ್ ವಿಮೆ, ಅಂದರೆ ಅವಧಿಯೊಳಗೆ ತೀರಿಕೊಂಡರೆ ಮಾತ್ರ ಮನೆಯವರಿಗೆ ಹಣ ಬರುವ ವಿಮೆ, ತೆಗೆದುಕೊಳ್ಳಿ. ಆರೋಗ್ಯ ಚೆನ್ನಾಗಿದ್ದು ಬೀಡಿ, ಸಿಗರೇಟು ಇಲ್ಲದಿದ್ದರೆ ಈಗಿನ ಕಂತಿಗಿಂತ ತುಂಬಾ ಕಡಿಮೆಗೆ ಸಿಗುತ್ತದೆ. ಕಾಯಿಲೆ, ಚಟ ಏನಿದ್ದರೂ ಅರ್ಜಿಯಲ್ಲಿ ಮುಚ್ಚಿಡಬಾರದು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ನಿಮ್ಮ ಹೆಸರಿಗೆ ಮಾಡಿಸಿ. ಆಗ ಸಾಲ ಕೊಟ್ಟವರು ಆ ಹಣಕ್ಕೆ ಕೈ ಹಾಕುವಂತಿಲ್ಲ. ಟರ್ಮ್ ಪಾಲಿಸಿ ಕೈಗೆ ಬಂದ ಮೇಲೆ ಮಾತ್ರ ಹಳೆಯ ಎರಡನ್ನು ಮುಟ್ಟಿ. ಮೂರು ವರ್ಷ ಕಟ್ಟಿದ್ದರೆ ಸಾಮಾನ್ಯವಾಗಿ ಪೇಯ್ಡ್‌ಅಪ್ ಮಾಡಬಹುದು, ಅಂದರೆ ಮುಂದೆ ಕಂತು ಕಟ್ಟದೆ ಕಡಿಮೆ ಮೊತ್ತಕ್ಕೆ ಪಾಲಿಸಿ ಉಳಿಸಿಕೊಳ್ಳಬಹುದು. ಈಗಲೇ ಹಿಂದಕ್ಕೆ ಪಡೆದರೆ ಎಷ್ಟು ಬರುತ್ತದೆ ಅಂತಲೂ ಬರೆಸಿಕೊಂಡು ಬನ್ನಿ. ಉಳಿದ ಹಣ ಒಡವೆ ಸಾಲಕ್ಕೆ ಹೋಗಲಿ. 12% ಬಡ್ಡಿ ಅಂದುಕೊಂಡರೂ ತಿಂಗಳಿಗೆ 1,200 ರೂಪಾಯಿ ಸುಮ್ನೆ ಬಡ್ಡಿಗೇ ಹೋಗುತ್ತಿದೆ ಅಲ್ವಾ?

ಇನ್ನೊಂದು ಕೆಲಸಕ್ಕೆ ನಯಾ ಪೈಸೆ ಖರ್ಚಿಲ್ಲ. ಯಜಮಾನರ ಪಿಎಫ್ ಖಾತೆಯಲ್ಲಿ ಇ-ನಾಮಿನೇಷನ್ (ಆನ್‌ಲೈನ್‌ನಲ್ಲಿ ನಾಮಿನಿ ಹೆಸರು ಸೇರಿಸುವುದು) ಆಗಿದೆಯಾ, ಅದರಲ್ಲಿ ಇಬ್ಬರು ಮಕ್ಕಳ ವಿವರವೂ ಇದೆಯಾ ನೋಡಿ. ಪಿಎಫ್ ಸದಸ್ಯರು ಕೆಲಸದಲ್ಲಿದ್ದಾಗ ತೀರಿಕೊಂಡರೆ ಪಿಎಫ್ ಜೊತೆಗೇ ಇರುವ ಇಡಿಎಲ್‌ಐ ವಿಮೆಯಿಂದ 7 ಲಕ್ಷದವರೆಗೆ ಬರುತ್ತದೆ. ಪಿಎಫ್‌ನ ಪಿಂಚಣಿ ಯೋಜನೆಯಲ್ಲಿ ಸಾಮಾನ್ಯ ಮಕ್ಕಳಿಗೆ 25 ವರ್ಷದವರೆಗೆ ಮಾತ್ರ ಪಿಂಚಣಿ. ಶಾಶ್ವತವಾಗಿ, ಸಂಪೂರ್ಣವಾಗಿ ಅಂಗವಿಕಲರಾದ ಮಕ್ಕಳಿಗೆ ಆ ವಯಸ್ಸಿನ ಮಿತಿ ಇಲ್ಲ. ಕಂಪನಿಯ ಎಚ್‌ಆರ್‌ನವರಲ್ಲೂ ಹಲವರಿಗೆ ಇದು ಗೊತ್ತಿರುವುದಿಲ್ಲ.

ಮೈದುನ ಹೇಳಿದ ಎಫ್‌ಡಿ ಬಗ್ಗೆ. ಪ್ರೀತಿಯಿಂದಲೇ ಹೇಳಿದ್ದಾರೆ, ಆದರೂ ಬೇಡ. ಮಗನಿಗೆ 18 ತುಂಬುವವರೆಗೆ ನೀವು ಸಹಿ ಹಾಕಬಹುದು. ಆಮೇಲೆ ಹೆತ್ತವರು ಅನ್ನುವ ಕಾರಣಕ್ಕೆ ಬ್ಯಾಂಕಿನವರು ನಿಮ್ಮ ಸಹಿ ಒಪ್ಪುವುದಿಲ್ಲ. ಅವನು ತನ್ನ ಹಣದ ವಿಷಯ ತಾನೇ ಅರ್ಥ ಮಾಡಿಕೊಳ್ಳಬಲ್ಲವನಾದರೆ ಚಿಂತೆಯಿಲ್ಲ. ಸೆರೆಬ್ರಲ್ ಪಾಲ್ಸಿ ಇದೆ ಅಂದ ಮಾತ್ರಕ್ಕೆ ಬುದ್ಧಿ ಕಡಿಮೆ ಅಂತಲ್ಲ. ಖಾತೆ ಅವನೇ ನೋಡಿಕೊಳ್ಳಲಿ, ಸಹಿ ಬಾರದಿದ್ದರೆ ಹೆಬ್ಬೆಟ್ಟು ಸಾಕು. ಈಗಿಂದಲೇ ಅಂಗಡಿಗೆ ಕರೆದುಕೊಂಡು ಹೋಗಿ, ದುಡ್ಡು ಅವನ ಕೈಯಿಂದಲೇ ಕೊಡಿಸಿ. ಅಷ್ಟು ಸಾಧ್ಯವಿಲ್ಲ ಅಂದರೆ 18 ಆದ ಕೂಡಲೇ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ, ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕತ್ವದ ಪತ್ರ ಪಡೆಯಿರಿ. ಬ್ಯಾಂಕುಗಳು ಅದನ್ನು ಒಪ್ಪುತ್ತವೆ. ಮಗಳ ವಿಷಯದಲ್ಲೂ ಇದೇ ನಿಯಮ.

ಸೈಟ್ ಯಜಮಾನರ ಹೆಸರಲ್ಲಿದ್ದರೆ ವಿಲ್ ಬರೆಸಲೇಬೇಕು. ವಿಲ್ ಇಲ್ಲದೆ ಅವರಿಗೇನಾದರೂ ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನೀವು, ಇಬ್ಬರು ಮಕ್ಕಳು, ನಿಮ್ಮ ಅತ್ತೆ ಇದ್ದರೆ ಅವರೂ ಸೇರಿ ನಾಲ್ವರಿಗೂ ಸಮಪಾಲು. ಚಿಕ್ಕ ಮಕ್ಕಳ ಪಾಲು ಮಾರಬೇಕೆಂದರೆ ತಾಯಿಯೂ ನ್ಯಾಯಾಲಯದ ಅನುಮತಿ ತರಬೇಕು. ಕಷ್ಟಕಾಲದಲ್ಲಿ ಆಸ್ತಿ ಇದ್ದೂ ಕೈಕಟ್ಟಿದಂತೆ ಆಗುತ್ತದೆ. ಸದ್ಯಕ್ಕೆ ಎಲ್ಲವೂ ನಿಮಗೆ, ನೀವೂ ಇಲ್ಲದಿದ್ದರೆ ಮಕ್ಕಳ ಹೆಸರಿನ ಟ್ರಸ್ಟ್‌ಗೆ ಅಂತ ವಕೀಲರ ಹತ್ತಿರ ಬರೆಸಿ. ಟ್ರಸ್ಟಿ ಯಾರಾಗಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ದುಡ್ಡು ನೋಡಿಕೊಳ್ಳುವವರು ಒಬ್ಬರು, ಮಕ್ಕಳನ್ನು ನೋಡಿಕೊಳ್ಳುವವರು ಇನ್ನೊಬ್ಬರು ಇದ್ದರೆ ಒಳ್ಳೆಯದು. ಮೈದುನನನ್ನು ಈ ಮಾತಿಗೆ ಕೂರಿಸಿಕೊಳ್ಳಿ.

ಒಡವೆ ಸಾಲ ತೀರಿದ ಮೇಲೆ ಉಳಿಯುವ ಮೊದಲ ಎರಡು ಸಾವಿರವನ್ನು ಉಳಿತಾಯಕ್ಕೆ ಹಾಕಬೇಡಿ. ವಾರದಲ್ಲಿ ಎರಡು ಮಧ್ಯಾಹ್ನ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳಿ. ಆ ಹೊತ್ತಲ್ಲಿ ಟ್ಯೂಷನ್ ಹೇಳಿಕೊಡುತ್ತೀರೋ, ಮಲಗುತ್ತೀರೋ ನಿಮ್ಮಿಷ್ಟ. ನಿಮ್ಮ ಬೆನ್ನು ಹೋದರೆ 11 ವರ್ಷದ ಹುಡುಗನನ್ನು ಎತ್ತುವವರು ಯಾರು?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿರುವ ನಿವೃತ್ತ ರೈಲ್ವೆ ನೌಕರ, 74 ವರ್ಷ. ಹೆಂಡತಿ ಇದ್ದಾಳೆ. 41 ವರ್ಷದ ಮಗಳಿಗೆ ಹುಟ್ಟಿನಿಂದಲೇ ಬೌದ್ಧಿಕ ಅಸಾಮರ್ಥ್ಯ. ನಮ್ಮ ನಂತರ ಪಿಂಚಣಿ ಅವಳಿಗೆ ಬರುತ್ತದೆಯೇ?

ಉತ್ತರ: ಬರುತ್ತದೆ ಸರ್. ತಾನೇ ದುಡಿದು ಬದುಕಲಾಗದ ಅಂಗವಿಕಲ ಮಕ್ಕಳಿಗೆ ಕುಟುಂಬ ಪಿಂಚಣಿ ಜೀವನಪೂರ್ತಿ ಇದೆ. ಮೊದಲು ನಿಮ್ಮ ಪತ್ನಿಗೆ, ಆಮೇಲೆ ಮಗಳಿಗೆ. ಆದರೆ ಆಗ ನೋಡೋಣ ಅಂತ ಬಿಡಬೇಡಿ. ನೀವಿರುವಾಗಲೇ ಅವಳ ಹೆಸರನ್ನು ನಿಮ್ಮ ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಸೇರಿಸಬಹುದು. ನಿಮಗೆ ಪಿಂಚಣಿ ಮಂಜೂರು ಮಾಡಿದ ಕಚೇರಿಗೆ ಅರ್ಜಿ ಕೊಡಿ, ಜೊತೆಗೆ ವೈದ್ಯಕೀಯ ಪ್ರಮಾಣಪತ್ರ, ಆಧಾರ್, ಯುಡಿಐಡಿ ಇಡಿ. ಅವಳ ಪರವಾಗಿ ಹಣ ಪಡೆಯುವವರು ಯಾರು ಅಂತ ನೀವೇ ಹೆಸರು ಕೊಟ್ಟಿಡಿ. ತಿದ್ದುಪಡಿಯಾದ ಪಿಪಿಒ ಕೈಗೆ ಬಂದ ಮೇಲೆ ಒಂದು ಪ್ರತಿ ಬ್ಯಾಂಕಿಗೆ, ಒಂದು ಪ್ರತಿ ನೀವು ಹೆಸರಿಸಿದವರ ಮನೆಗೆ ಕೊಡಿ.