ಓದುಗರ ಪ್ರಶ್ನೆ: “ಯಾವ ನಗರ?” ಅಂತ ಕೇಳಿದ್ದಕ್ಕೆ ಬೈದುಬಿಟ್ಟೆ

ಪ್ರಶ್ನೆ: ನಮಸ್ಕಾರ ಅಕ್ಕ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅಪ್ಪಯ್ಯ ಎದೆನೋವು ಅಂತ ಜಗಲಿಯಲ್ಲೇ ಕುಸಿದು ಕೂತರು. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ “ನಗರದ ಹತ್ತಿರ, ಬೇಗ ಬನ್ನಿ” ಅಂದೆ. ಆ ಕಡೆಯ ಹುಡುಗಿ “ಯಾವ ನಗರ ಸರ್?” ಅಂದಳು. ಆಮೇಲೆ ವಯಸ್ಸೆಷ್ಟು, ಮಾತಾಡ್ತಿದ್ದಾರಾ, ಬೆವರ್ತಿದ್ದಾರಾ ಅಂತ ಕೇಳುತ್ತಲೇ ಹೋದಳು. ನನಗೆ ತಲೆ ಕೆಟ್ಟು ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ. ಅವಳು ಫೋನ್ ಇಡಲಿಲ್ಲ. ಗಾಡಿ ಬಂತು, ಅಪ್ಪಯ್ಯ ಈಗ ಹುಷಾರಾಗಿದ್ದಾರೆ. ಆದರೆ ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಅಷ್ಟೊಂದು ಪ್ರಶ್ನೆ ಯಾಕೆ? ಬೈಯುವವರನ್ನು ಅವರು ಹೇಗೆ ಸಹಿಸುತ್ತಾರೆ?
– ಒಬ್ಬ ಓದುಗ, ಹೊಸನಗರ ತಾಲ್ಲೂಕು

ಉತ್ತರ: ಅಪ್ಪಯ್ಯ ಹುಷಾರಾಗಿದ್ದಾರೆ ಅಂತ ಓದಿ ನೆಮ್ಮದಿಯಾಯಿತು. ನಾನೂ ಆರು ವರ್ಷ ಅಂಥದ್ದೇ ಒಂದು ಕಂಟ್ರೋಲ್ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವಳು. ಬೈಗುಳ ದಿನಾ ಕೇಳಿದ್ದೇನೆ.

ಮೊದಲು “ಯಾವ ನಗರ”ದ ವಿಷಯ. ನಮಗೆ ನಗರ ಅಂದರೆ ಬಿದನೂರು ನಗರ, ಕೆಳದಿ ಅರಸರ ಕೋಟೆ ಇರುವ ಊರು. ಫೋನ್ ಎತ್ತಿದವಳು ಎಲ್ಲೋ ದೂರದ ಊರಿನಲ್ಲಿ ಕೂತಿರಬಹುದು. ಅವಳ ಕಿವಿಗೆ ನಗರ ಅಂದರೆ ಯಾವುದೋ ಒಂದು ಪೇಟೆ, ಅಷ್ಟೆ. ಮಲೆನಾಡಿನಲ್ಲಿ ಮನೆಗಳು ಪೇಟೆಯ ಹಾಗೆ ಸಾಲಾಗಿಯೂ ಇಲ್ಲ. ಒಂದು ತೋಟಕ್ಕೆ ಒಂದು ಮನೆ, ನಡುವೆ ಗುಡ್ಡ, ಹಳ್ಳ. ಗಾಡಿ ಒಂದು ತಿರುವು ತಪ್ಪಿದರೆ ಆ ರಾತ್ರಿಯಲ್ಲಿ, ಆ ಮಳೆಯಲ್ಲಿ, ದಾರಿ ಕೇಳೋಣ ಅಂದರೂ ಯಾರೂ ಸಿಗುವುದಿಲ್ಲ. ಅದಕ್ಕೇ ಬೇರೆಲ್ಲಕ್ಕಿಂತ ಮೊದಲು ಜಾಗ ಕೇಳುತ್ತಾರೆ. ಲೈನ್ ಮಧ್ಯದಲ್ಲೇ ಕಟ್ಟಾದರೂ ಜಾಗ ಗೊತ್ತಿದ್ದರೆ ಗಾಡಿ ಕಳಿಸಬಹುದು, ಅಲ್ವಾ?

ಉಳಿದ ಪ್ರಶ್ನೆಗಳಿಂದ ತಡ ಆಗಲಿಲ್ಲ, ಇದನ್ನು ದಯವಿಟ್ಟು ನಂಬಿ. ನಾನು ಕೆಲಸ ಮಾಡಿದಲ್ಲಿ ಒಬ್ಬರು ಮಾತಾಡುತ್ತಿರುವಾಗಲೇ ಪಕ್ಕದ ಸ್ಕ್ರೀನಿನಲ್ಲಿ ಇನ್ನೊಬ್ಬರು ಹತ್ತಿರದ ಗಾಡಿಗೆ ಹೇಳುತ್ತಿದ್ದರು. ಬೆವರು, ಮಾತು, ಉಸಿರು ಕೇಳುವುದು ಗಾಡಿ ಬರುವವರೆಗೆ ನೀವೇನು ಮಾಡಬೇಕು ಅಂತ ಹೇಳುವುದಕ್ಕೆ. ಉಸಿರು ನಿಂತಿದ್ದರೆ ಅವಳು ಫೋನಿನಲ್ಲೇ ನಿಮ್ಮ ಕೈಯಿಂದ ಎದೆ ಒತ್ತಿಸಬೇಕಿತ್ತು. ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ. ಬೈದರೂ ಫೋನ್ ಇಡದಿದ್ದುದು ಅದಕ್ಕೇ.

ಗಾಬರಿಯಾದವರ ಹತ್ತಿರ ಮಾತಾಡುವುದಕ್ಕೆ ಒಂದು ದಾರಿ ಇದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಜೆಫ್ ಕ್ಲಾಸನ್ ಅನ್ನುವ ಡಾಕ್ಟರು 1970ರ ದಶಕದ ಕೊನೆಯಲ್ಲಿ, ಫೋನ್ ಎತ್ತುವವರು ಏನು ಕೇಳಬೇಕು, ಏನು ಹೇಳಿಕೊಡಬೇಕು ಅಂತ ಬರೆದಿಡಲು ಶುರು ಮಾಡಿದರು. ಅವರು ಕಲಿಸಿದ್ದು ಇದು: ಒಂದೇ ವಾಕ್ಯ, ಅದೇ ಪದಗಳು, ಅದೇ ದನಿ, ಜೊತೆಗೆ ಯಾಕೆ ಅನ್ನುವ ಕಾರಣ, ಅವರು ಕೇಳಿಸಿಕೊಳ್ಳುವ ತನಕ. ನನಗೆ ಒಂದು ಕರೆ ಮರೆಯುವುದಿಲ್ಲ. ಗಂಡ ಅಡಿಕೆ ಮರದಿಂದ ಬಿದ್ದಿದ್ದಾರೆ, ಹೆಂಡತಿ “ಬನ್ನಿ, ಬನ್ನಿ” ಅಂತ ಕೂಗುತ್ತಲೇ ಇದ್ದಾರೆ, ಮಧ್ಯೆ ನನಗೊಂದು ಬೈಗುಳ. ನಾನು “ಅಮ್ಮಾ, ಅವರನ್ನು ಉಳಿಸೋಕೆ ನೀವು ಬೇಕು, ಉಸಿರಾಡ್ತಿದ್ದಾರಾ ನೋಡಿ” ಅಂದೆ. ಕೇಳಿಸಲಿಲ್ಲ. ಮತ್ತೆ ಅದೇ ಮಾತು, ದನಿ ಒಂದು ಚೂರೂ ಏರಿಸದೆ. ಐದನೇ ಸಲಕ್ಕೋ ಆರನೇ ಸಲಕ್ಕೋ ಕೂಗು ನಿಂತಿತು. ಒಣಗಿದ ಎಲೆ ಮೇಲೆ ಮಂಡಿಯೂರಿದ ಸದ್ದು ಕೇಳಿಸಿತು. “ಹಾಂ, ಉಸಿರಿದೆ” ಅಂದರು. ಅಲ್ಲಿಂದ ಮುಂದೆ ನಾನು ಹೇಳಿದ್ದೆಲ್ಲ ಮಾಡಿದರು. ಕುತ್ತಿಗೆ ಅಲ್ಲಾಡಿಸಲಿಲ್ಲ, ಎತ್ತಲು ಬಂದವರನ್ನೂ ತಡೆದರು.

“ಸಮಾಧಾನ ಮಾಡ್ಕೊಳ್ಳಿ” ಅಂತ ಮಾತ್ರ ನಾನು ಯಾವತ್ತೂ ಹೇಳುತ್ತಿರಲಿಲ್ಲ. ಅಪ್ಪ ಎದುರಿಗೆ ನರಳುತ್ತಿರುವಾಗ ಆ ಮಾತು ಕೇಳಿದರೆ ಯಾರಿಗಾದರೂ ಉರಿಯುತ್ತದೆ. ಕೈಗೆ ಒಂದು ಕೆಲಸ ಕೊಟ್ಟರೆ ಜನ ತಾವಾಗಿಯೇ ತಣ್ಣಗಾಗುತ್ತಾರೆ.

ಇನ್ನು ಬೈಗುಳ. ನಿಮ್ಮದು ಹೆದರಿಕೆಯ ಬೈಗುಳ. ಅದು ನಮ್ಮ ಕಿವಿಗೆ ಹಾಗೇ ಕೇಳುತ್ತದೆ, ಮನಸ್ಸಿಗೆ ಇಳಿಯುವುದು ಕಡಿಮೆ. ಸುಮ್ನೆ ಫೋನ್ ಮಾಡಿ ಹೆಣ್ಣು ದನಿ ಕೇಳಿದ ಕೂಡಲೇ ಹೊಲಸು ಮಾತಾಡುವವರು ಬೇರೆ. ಅವರನ್ನು ಯಾಕಾದರೂ ಸಹಿಸಬೇಕು? “ತುರ್ತು ಇದ್ದರೆ ಹೇಳಿ, ಇಲ್ಲದಿದ್ದರೆ ಲೈನ್ ಬಿಡಬೇಕಾಗುತ್ತದೆ” ಅಂತ ಒಂದು ಸಲ ಹೇಳಿ ನಾವು ಮೇಲಿನವರಿಗೆ ಒಪ್ಪಿಸುತ್ತಿದ್ದೆವು.

ನಿಜವಾಗಿ ನೋಯುವುದು ಬೇರೆಯೇ. ಗಾಡಿ ತಲುಪಿತು ಅಂದ ಕೂಡಲೇ ಮುಂದಿನ ಕರೆ ಬರುತ್ತದೆ. ಆ ಮರದಿಂದ ಬಿದ್ದವರು ಏನಾದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹುಡುಗಿಗೂ ನಿಮ್ಮ ಅಪ್ಪಯ್ಯನ ಸುದ್ದಿ ಗೊತ್ತಾಗಿರುವುದಿಲ್ಲ.

ಕ್ಷಮೆ ಕೇಳಲು ಆ ನಂಬರಿಗೆ ಮತ್ತೆ ಫೋನ್ ಮಾಡಬೇಡಿ, ಇನ್ಯಾರದೋ ಕರೆಗೆ ಆ ಲೈನ್ ಬೇಕು. ಬದಲಿಗೆ ಇವತ್ತೇ ಒಂದು ಚೀಟಿ ಬರೆದು ಜಗಲಿಯ ಗೋಡೆಗೆ ಅಂಟಿಸಿ. ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲ್ಲೂಕು, ಬಿದನೂರು ನಗರದಿಂದ ಎಷ್ಟು ಕಿಲೋಮೀಟರ್, ಯಾವ ಬಸ್ ಸ್ಟಾಪ್, ಸಂಕ ದಾಟಿ ಎಡಕ್ಕೋ ಬಲಕ್ಕೋ, ಅಪ್ಪಯ್ಯನ ವಯಸ್ಸು, ಅವರು ತಗೊಳ್ಳುವ ಮಾತ್ರೆಯ ಹೆಸರು. ರಸ್ತೆಗೆ ಟಾರ್ಚ್ ಹಿಡಿದು ಯಾರು ಹೋಗಬೇಕು ಅಂತಲೂ ಮನೆಯಲ್ಲಿ ಈಗಲೇ ಮಾತಾಡಿಟ್ಟುಕೊಳ್ಳಿ.