ಹಾಲು ಬಿಡಿಸಿದ ಮೇಲೆ ಕುರಿಮರಿ ಸೊರಗಿದರೆ

ಒಂದೂವರೆ ತಿಂಗಳಿಗೆ ತಾಯಿ ಹಾಲು ಬಿಡಿಸಿದ ಮೇಲೆ ಕುರಿಮರಿಗಳು ಸೊರಗುತ್ತಿವೆ, ಏನು ಮಾಡಲಿ ಎಂದು ಅರಸೀಕೆರೆಯಿಂದ ಬರೆದು ಕೇಳಿದ್ದೀರಿ. ಅಷ್ಟು ಬೇಗ ಹಾಲು ಬಿಡಿಸಿದ್ದೇ ಕಾರಣ ಇರಬೇಕು. ಆ ವಯಸ್ಸಿಗೆ ಮರಿಯ ಹೊಟ್ಟೆ ಬರೀ ಹುಲ್ಲು ಅರಗಿಸುವಷ್ಟು ಬಲಿತಿರುವುದಿಲ್ಲ, ಅದಕ್ಕೇ ನೀವು ಬರೆದ ಹಾಗೆ ಹೊಟ್ಟೆ ಜೋತುಬಿದ್ದು ಬೆನ್ನುಮೂಳೆ ಕೈಗೆ ಸಿಗುತ್ತಿದೆ. ಹೊಟ್ಟೆಯಲ್ಲಿ ಹುಳುವೂ ಇರಬಹುದು, ನೋಡದೆ ಹೇಳುವುದು ಕಷ್ಟ.

ಮೊದಲು ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಸುಮ್ನೆ ಔಷಧಿ ಕುಡಿಸಬೇಡಿ. ತಾಯಿಗೆ ಇನ್ನೂ ಹಾಲಿದ್ದರೆ ಬೆಳಿಗ್ಗೆ ಸಂಜೆ ಕುಡಿಯಲು ಬಿಡಿ. ಜೊತೆಗೆ ಮೆಕ್ಕೆಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಚೂರು ಖನಿಜ ಮಿಶ್ರಣ ಕಲಸಿ, ಮರಿ ಮಾತ್ರ ನುಸುಳುವ ಬೇಲಿಯೊಳಗೆ ಇಡಿ. ಒಂದು ಹಿಡಿಯಿಂದ ಶುರು ಮಾಡಿ, ಒಮ್ಮೆಗೇ ಜಾಸ್ತಿ ಹಾಕಿದರೆ ಭೇದಿ ಆಗುತ್ತದೆ. ಅರಸೀಕೆರೆ ಬೇಸಿಗೆಯಲ್ಲಿ ಹಸಿರು ಸಿಗೋದು ಕಷ್ಟ ಅಲ್ವಾ, ಹಲಸಿನ ಸೊಪ್ಪಾದರೂ ಕಟ್ಟಿ.

ಮುಂದಿನ ಸಲ 3 ತಿಂಗಳವರೆಗೆ ಕುಡಿಸಿ, ಆಮೇಲೆ ನಿಧಾನವಾಗಿ ಬಿಡಿಸಿ. ಈ ಮರಿಗಳನ್ನು ಈಗಲೇ ಮಾರಬೇಡಿ, ಮೈಮೇಲೆ ಮಾಂಸವೇ ಕೂತಿಲ್ಲ, ರೇಟು ಬರಲ್ಲ.